ಅಕೌಂಟ್ಸ್ ನಂಬರಿಗೆ ಮಾಡಿದ ಕಾಲ್ ರಿಸೆಪ್ಷನ್‌ನಲ್ಲಿ ರಿಂಗ್ ಆಗುವುದೇಕೆ?

ನಿಮ್ಮದು ಫ್ರೀಪಿಬಿಎಕ್ಸ್ (ಆಫೀಸಿನ ಫೋನ್‌ಗಳನ್ನು ನಡೆಸುವ ಸಾಫ್ಟ್‌ವೇರ್), ಒಂದು ಸಿಪ್ ಟ್ರಂಕ್ (ಇಂಟರ್ನೆಟ್ ಮೂಲಕ ಫೋನ್ ಕಂಪನಿಗೆ ಇರುವ ಲೈನ್), ಅದರ ಮೇಲೆ ಎರಡು ನಂಬರ್. ಅಕೌಂಟ್ಸ್ ನಂಬರಿಗೆ ಬಂದ ಕಾಲ್ ರಿಸೆಪ್ಷನ್‌ಗೆ ಹೋಗುತ್ತಿದೆ. ಸ್ವಲ್ಪ ಹೊತ್ತು ಯಾರೂ ಫೋನ್ ಮುಟ್ಟದಿದ್ದರೆ ಹೊರಗಿನಿಂದ ಕಾಲೇ ಬರುವುದಿಲ್ಲ. ಹೊರಗೆ ಮಾಡುವ ಕಾಲ್‌ಗಳಿಗೆ ಏನೂ ತೊಂದರೆಯಿಲ್ಲ. ನಾನು ನೋಡಿದಂತೆ ಇವು ಎರಡು ಬೇರೆ ಬೇರೆ ದೋಷ, ಒಟ್ಟಿಗೆ ಕೈ ಹಾಕಬೇಡಿ.

ಯಾವ ಸೆಟ್ಟಿಂಗನ್ನೂ ಬದಲಿಸುವ ಮುಂಚೆ, ಕಾಲ್ ಯಾವ ನಂಬರ್ ಹೊತ್ತುಕೊಂಡು ನಿಮ್ಮ ಸರ್ವರ್‌ಗೆ ಬರುತ್ತಿದೆ ಎಂದು ಕಣ್ಣಾರೆ ನೋಡಿ. ಫ್ರೀಪಿಬಿಎಕ್ಸ್‌ನ ಒಳಗಿನ ಎಂಜಿನ್ ಆಸ್ಟರಿಸ್ಕ್, ಅದರ ಸಿಪ್ ಭಾಗ ಪಿಜೆಸಿಪ್. ಆಸ್ಟರಿಸ್ಕ್ ಕನ್ಸೋಲ್ ತೆರೆದು 'ಪಿಜೆಸಿಪ್ ಸೆಟ್ ಲಾಗರ್ ಆನ್' ಕೊಡಿ, ಆಮೇಲೆ ಮೊಬೈಲ್‌ನಿಂದ ಅಕೌಂಟ್ಸ್ ನಂಬರಿಗೆ ಡಯಲ್ ಮಾಡಿ. 'ಇನ್‌ವೈಟ್' (ಕಾಲ್ ಬಂದಿದೆ ಎಂದು ಹೇಳುವ ಸಂದೇಶ) ಎಂದು ಶುರುವಾಗುವ ಸಾಲು ಬರುತ್ತದೆ. ಅದರಲ್ಲಿ 'ಸಿಪ್:' ಮತ್ತು '@' ನಡುವೆ ಏನಿದೆಯೋ ಅದನ್ನೇ ಫ್ರೀಪಿಬಿಎಕ್ಸ್ ನಿಮ್ಮ ಡಿಐಡಿ, ಅಂದರೆ ಡಯಲ್ ಆದ ನಂಬರ್, ಎಂದು ತಿಳಿಯುತ್ತದೆ. ಸ್ವಲ್ಪ ಕೆಳಗಿರುವ 'ಟು' ಸಾಲನ್ನೂ ಬರೆದಿಟ್ಟುಕೊಳ್ಳಿ.

ಇನ್‌ಬೌಂಡ್ ರೂಟ್‌ನ (ಬಂದ ಕಾಲ್ ಎಲ್ಲಿಗೆ ಹೋಗಬೇಕೆಂಬ ನಿಯಮ) ಡಿಐಡಿ ಇದಕ್ಕೆ ಅಕ್ಷರಶಃ ಹೊಂದಬೇಕು. ರೂಟ್‌ನಲ್ಲಿ 5550102 ಎಂದಿದ್ದು, ಬರುವ ನಂಬರಿಗೆ ಪ್ಲಸ್ ಚಿಹ್ನೆಯೋ ದೇಶದ ಕೋಡೋ ಮುಂದೊಂದು ಸೊನ್ನೆಯೋ ಅಂಟಿಕೊಂಡಿದ್ದರೆ ಅದು ಬೇರೆ ನಂಬರೇ. ರೂಟ್ ಹೊಂದದಿದ್ದಾಗ, ಡಿಐಡಿ ಮತ್ತು ಕಾಲರ್ ಐಡಿ ಎರಡೂ ಖಾಲಿ ಇರುವ ರೂಟ್ ಆ ಕಾಲನ್ನು ಹಿಡಿದುಕೊಳ್ಳುತ್ತದೆ. ನಿಮ್ಮಲ್ಲಿ ಆ ಖಾಲಿ ರೂಟ್ ರಿಸೆಪ್ಷನ್‌ಗೆ ಹೋಗುತ್ತಿರಬೇಕು. ಅಂಥದ್ದು ಇಲ್ಲದಿದ್ದರೆ ನಂಬರ್ ಚಾಲ್ತಿಯಲ್ಲಿಲ್ಲ ಎಂಬ ರೆಕಾರ್ಡಿಂಗ್ ಕೇಳಿಸುತ್ತಿತ್ತು.

ಲಾಗ್‌ನಲ್ಲಿ ಕಂಡದ್ದನ್ನೇ ಡಿಐಡಿಯಲ್ಲಿ ಬರೆದು 'ಅಪ್ಲೈ ಕಾನ್ಫಿಗ್' ಒತ್ತಿ. 'ಕೊನೆಯಲ್ಲಿ 0102 ಇದ್ದರೆ ಸಾಕು' ಎಂಬ ಪ್ಯಾಟರ್ನ್ ಬರೆಯಲು ಹೋಗಬೇಡಿ, ಆಸ್ಟರಿಸ್ಕ್‌ನಲ್ಲಿ 'ಏನಾದರೂ ಇರಲಿ' ಎನ್ನುವ ಚುಕ್ಕೆ ತನ್ನ ನಂತರದ್ದನ್ನೆಲ್ಲ ನುಂಗುತ್ತದೆ, ಹಾಗಾಗಿ ಅದು ಪ್ಯಾಟರ್ನ್‌ನ ಕೊನೆಯಲ್ಲೇ ಇರಬೇಕು. ನಂಬರ್ ಎರಡು ರೂಪದಲ್ಲಿ ಬರುತ್ತಿದ್ದರೆ ಎರಡು ರೂಟ್ ಮಾಡುವುದೇ ಸುಲಭ. ಹಾಗೆಯೇ ಆ ರೂಟ್‌ನ ಕಾಲರ್ ಐಡಿ ಜಾಗ ಖಾಲಿಯಿದೆಯೇ ನೋಡಿ. ಅಲ್ಲಿ ತಮ್ಮದೇ ನಂಬರ್ ತುಂಬುವವರು ಬಹಳ ಜನ, ಆಗ ಆ ನಂಬರಿನಿಂದ ಬಂದ ಕಾಲ್ ಮಾತ್ರ ಆ ರೂಟ್‌ಗೆ ಸಿಗುತ್ತದೆ.

ಎರಡೂ ನಂಬರಿಗೆ ಡಯಲ್ ಮಾಡಿದರೂ ಇನ್‌ವೈಟ್ ಸಾಲಿನಲ್ಲಿ ಒಂದೇ ಅಕೌಂಟ್ ಹೆಸರು ಕಾಣಿಸಿದರೆ ಕಥೆ ಬೇರೆ. ರಿಜಿಸ್ಟರ್ ಆಗುವ (ಪ್ರೊವೈಡರ್, ಅಂದರೆ ಫೋನ್ ಕಂಪನಿಯ ಸರ್ವರ್‌ಗೆ ಲಾಗಿನ್ ಆಗುವ) ಟ್ರಂಕ್‌ಗಳಲ್ಲಿ ಇದು ಮಾಮೂಲು, ಡಯಲ್ ಮಾಡಿದ ನಂಬರ್ 'ಟು' ಸಾಲಿನಲ್ಲಿ ಇರುತ್ತದೆ. ಟ್ರಂಕ್‌ನ ಪಿಜೆಸಿಪ್ ಸೆಟ್ಟಿಂಗ್ಸ್‌ನಲ್ಲಿ ಕಾಂಟೆಕ್ಸ್ಟ್ 'ಫ್ರಮ್-ಪಿಎಸ್‌ಟಿಎನ್' ಇರುವುದನ್ನು 'ಫ್ರಮ್-ಪಿಎಸ್‌ಟಿಎನ್-ಟುಹೆಡರ್' ಮಾಡಿ, ಡಿಐಡಿಯನ್ನು ಅಲ್ಲಿಂದ ಎತ್ತಿಕೊಳ್ಳುತ್ತದೆ. ರೂಟ್ ಸರಿಯಾಗಿ ಹೊಂದಿದ ಮೇಲೂ ಕಾಲ್ ದಾರಿ ತಪ್ಪಿದರೆ ಟೈಮ್ ಕಂಡೀಷನ್ (ಹೊತ್ತು ನೋಡಿ ಕಾಲ್ ತಿರುಗಿಸುವ ನಿಯಮ) ಮತ್ತು ಸರ್ವರ್‌ನ ಟೈಮ್‌ಝೋನ್ ನೋಡಿ.

ಈಗ ಎರಡನೆಯದು. ಸುಮ್ಮನಿದ್ದಾಗ ಕಾಲ್ ಬಾರದಿರುವುದು, ನೀವೊಂದು ಕಾಲ್ ಮಾಡಿದೊಡನೆ ಮತ್ತೆ ಬರತೊಡಗುವುದು, ಇದು ರೌಟರ್‌ನ ಕೆಲಸ. ಯುಡಿಪಿಯಲ್ಲಿ (ಸಿಪ್ ಸಂದೇಶಗಳು ಸಾಮಾನ್ಯವಾಗಿ ಸಾಗುವ ವಿಧಾನ) ಒಳಗಿನಿಂದ ಪ್ಯಾಕೆಟ್ ಹೋದಾಗ ರೌಟರ್ ತೆರೆಯುವ ದಾರಿಯನ್ನು ಹಲವು ರೌಟರ್‌ಗಳು 30ರಿಂದ 180 ಸೆಕೆಂಡ್‌ಗಳಲ್ಲೇ ಮುಚ್ಚಿಬಿಡುತ್ತವೆ. ಟ್ರಂಕ್‌ನ ಎಕ್ಸ್‌ಪಿರೇಷನ್ (ರಿಜಿಸ್ಟ್ರೇಷನ್‌ನ ಅವಧಿ) ಮಾತ್ರ ಸಾಮಾನ್ಯವಾಗಿ 3600 ಸೆಕೆಂಡ್ ಇರುತ್ತದೆ. ಅಲ್ಲಿಯವರೆಗೂ 'ಪಿಜೆಸಿಪ್ ಶೋ ರಿಜಿಸ್ಟ್ರೇಷನ್ಸ್' ಕೊಟ್ಟರೆ 'ರಿಜಿಸ್ಟರ್ಡ್' ಎಂದೇ ತೋರಿಸುತ್ತದೆ, ನಂಬಬೇಡಿ. ಟ್ರಂಕ್‌ನ ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಕ್ವಾಲಿಫೈ ಫ್ರೀಕ್ವೆನ್ಸಿ (ಎಷ್ಟು ಸೆಕೆಂಡಿಗೊಮ್ಮೆ ಪ್ರೊವೈಡರ್‌ಗೆ ಪ್ಯಾಕೆಟ್ ಕಳಿಸಬೇಕು ಎಂಬುದು) 60 ಇರುತ್ತದೆ, 25ಕ್ಕೆ ಇಳಿಸಿ, ಆಗ ದಾರಿ ಮುಚ್ಚುವುದಿಲ್ಲ. ರೌಟರ್‌ನಲ್ಲಿ 'ಸಿಪ್ ಎಎಲ್‌ಜಿ' (ಸಿಪ್ ಸಂದೇಶಗಳನ್ನು ದಾರಿಯಲ್ಲೇ ತಿದ್ದುವ ಸೌಲಭ್ಯ) ಇದ್ದರೆ ಆಫ್ ಮಾಡಿ. ಸಿಪ್ ಬಳಸುವ 5060 ಪೋರ್ಟನ್ನು ಇಡೀ ಇಂಟರ್ನೆಟ್‌ಗೆ ತೆರೆದಿಡಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಆ ಕೆಲಸ ಬೇಡ, ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ಬಂದು ಬಡಿಯಲು ಹೆಚ್ಚು ಹೊತ್ತು ಬೇಕಿಲ್ಲ.

ಇನ್‌ವೈಟ್ ಬಂದರೂ ಲಾಗ್‌ನಲ್ಲಿ 'ನೋ ಮ್ಯಾಚಿಂಗ್ ಎಂಡ್‌ಪಾಯಿಂಟ್ ಫೌಂಡ್' ಎಂದಿದ್ದರೆ, ಪ್ರೊವೈಡರ್ ಬೇರೊಂದು ಐಪಿಯಿಂದ ಕಾಲ್ ಕಳಿಸುತ್ತಿದ್ದಾರೆ ಎಂದರ್ಥ. ಅವರು ಬಳಸುವ ಐಪಿಗಳ ಪಟ್ಟಿ ಕೇಳಿ ಪಡೆದು ಅದೇ ಟ್ಯಾಬ್‌ನ 'ಮ್ಯಾಚ್ (ಪರ್ಮಿಟ್)' ಜಾಗದಲ್ಲಿ ಸೇರಿಸಿ. ಅನಾನಿಮಸ್ ಕಾಲ್‌ಗಳಿಗೆ (ಗುರುತಿಲ್ಲದ ಸರ್ವರ್‌ಗಳಿಂದ ಬರುವವು) ಅನುಮತಿ ಕೊಟ್ಟರೂ ಕಾಲ್ ಬರುತ್ತದೆ ನಿಜ, ಜೊತೆಗೆ ಊರೆಲ್ಲ ಬರುತ್ತದೆ.

ಇಷ್ಟಾದ ಮೇಲೂ ಸುಮ್ಮನಿದ್ದಾಗ ಮಾಡಿದ ಕಾಲ್‌ಗೆ ಇನ್‌ವೈಟೇ ಕಾಣದಿದ್ದರೆ ಕಾಲ್ ಮಾಡಿದ ನಂಬರ್, ಡಯಲ್ ಮಾಡಿದ ನಂಬರ್, ಸೆಕೆಂಡ್ ಸಮೇತ ಸಮಯ ಮತ್ತು ಟೈಮ್‌ಝೋನ್ ಬರೆದು ಪ್ರೊವೈಡರ್‌ಗೆ ದೂರು ಕೊಡಿ. ತಾವು ಕಳಿಸಿದ ಇನ್‌ವೈಟ್ ಯಾವ ಐಪಿ, ಯಾವ ಪೋರ್ಟಿಗೆ ಹೋಯಿತು, ಉತ್ತರ ಏನು ಬಂತು ಎಂದು ಅವರ ಲಾಗ್‌ನಲ್ಲಿ ಸಿಗುತ್ತದೆ. ಕೆಲಸ ಮುಗಿದ ಮೇಲೆ 'ಪಿಜೆಸಿಪ್ ಸೆಟ್ ಲಾಗರ್ ಆಫ್' ಕೊಡುವುದನ್ನು ಮರೆಯಬೇಡಿ, ಲಾಗ್ ಫೈಲ್ ಉಬ್ಬುತ್ತಲೇ ಇರುತ್ತದೆ.