ಸಂಪಾದಕರ ಉತ್ತರ: ಬ್ಯಾನಕ್‌ಬರ್ನ್‌ನಲ್ಲಿ ಬಿಲ್ಲುಗಾರರು ಏನು ಮಾಡುತ್ತಿದ್ದರು?

ಹೋದ ಸಂಚಿಕೆಯ ಬ್ಯಾನಕ್‌ಬರ್ನ್ ಕದನದ ಲೇಖನ ಓದಿದ ಶಿವಮೊಗ್ಗದ ಓದುಗರೊಬ್ಬರ ತಕರಾರು ಹೀಗಿದೆ: ‘1314ರಲ್ಲಿ ಸ್ಕಾಟ್‌ಲೆಂಡಿನ ಈಟಿಗಾರರು ಇಂಗ್ಲಿಷ್ ಕುದುರೆ ದಂಡನ್ನು ಮುರಿದರು ಎಂದು ಬರೆದಿದ್ದೀರಿ. ಇದೇ ಈಟಿಗಾರರು 1298ರಲ್ಲಿ ಫಾಲ್ಕರ್ಕ್‌ನಲ್ಲಿ ನೆಲಕಚ್ಚಿದ್ದರಲ್ಲ? ಮುಂದೆ 1346ರಲ್ಲಿ ಫ್ರಾನ್ಸಿನ ಕ್ರೆಸಿಯಲ್ಲಿ ಹೆಸರು ಮಾಡಿದ ಇಂಗ್ಲಿಷ್ ಬಿಲ್ಲುಗಾರರು ಆ ದಿನ ಏನು ಮಾಡುತ್ತಿದ್ದರು? ಸ್ಕಾಟರ ರಾಜ ರಾಬರ್ಟ್ ಬ್ರೂಸ್ ತೋಡಿಸಿದ ಗುಂಡಿಗಳು ಯುದ್ಧ ಗೆದ್ದವೋ, ಇಂಗ್ಲೆಂಡಿನ ರಾಜ ಎರಡನೇ ಎಡ್ವರ್ಡನ ಹೇಡಿತನ ಸೋಲಿಸಿತೋ?’

ಫಾಲ್ಕರ್ಕ್ ಎತ್ತಿದ್ದು ಒಳ್ಳೆಯದಾಯಿತು, ಅಲ್ಲಿಂದಲೇ ಶುರುಮಾಡಬೇಕು. ಸ್ಕಾಟರ ನಾಯಕ ವಿಲಿಯಂ ವಾಲೇಸ್ ಅಲ್ಲಿ ತನ್ನವರನ್ನು ನಾಲ್ಕು ದುಂಡು ದಳಗಳಾಗಿ ನಿಲ್ಲಿಸಿದ್ದ. ಶಿಲ್ಟ್ರನ್ ಎಂಬ ಈ ದಳದಲ್ಲಿ ಸುಮಾರು 12 ಅಡಿಯ ಈಟಿಗಳು ಸುತ್ತಲೂ ಹೊರಕ್ಕೆ ಚಾಚಿಕೊಂಡಿರುತ್ತವೆ. ಎಷ್ಟೇ ಪಳಗಿದ ಕುದುರೆಯೂ ಅಂಥ ಮೊನೆಗಳ ಮೇಲೆ ಹೋಗಿ ಬೀಳುವುದಿಲ್ಲ. ಇಂಗ್ಲೆಂಡಿನ ರಾಜ ಮೊದಲ ಎಡ್ವರ್ಡನ ಕವಚಧಾರಿ ನೈಟ್‌ಗಳು ನುಗ್ಗಿದರು, ಈಟಿಗಳು ತಡೆದವು. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಸ್ಕಾಟಿಷ್ ಕುದುರೆ ಸವಾರರು ಆಗಲೇ ಕಣ ಬಿಟ್ಟು ಹೋಗಿದ್ದರು, ಸ್ಕಾಟಿಷ್ ಬಿಲ್ಲುಗಾರರು ಕುದುರೆಗಳ ಕಾಲಿಗೆ ಸಿಕ್ಕಿದ್ದರು. ಉಳಿದದ್ದು ನಿಂತಲ್ಲೇ ನಿಂತ ನಾಲ್ಕು ಗುಂಪು. ಬಾಣ ಬಿಡುವವನಿಗೆ ಇದಕ್ಕಿಂತ ಸುಲಭದ ಗುರಿ ಸಿಗದು. ಬಾಣದಿಂದ ಸಂದು ಬಿತ್ತು, ಸಂದಿನೊಳಗೆ ಕುದುರೆ ನುಗ್ಗಿತು.

ಬ್ರೂಸ್ ಕಲಿತ ಪಾಠ ಇಷ್ಟೇ: ದಳ ನಡೆಯಬೇಕು. ಹೇಳಿದಷ್ಟು ಸುಲಭವಲ್ಲ. ಮುಂದಿನ ಸಾಲು ಒಂದಿಷ್ಟು ಬಿರುಸಾದರೆ ಹಿಂದಿನ ಸಾಲಿನಿಂದ ಕಳಚಿಕೊಳ್ಳುತ್ತದೆ, ನೆಲ ಏರುಪೇರಾದರೆ ಸಾಲು ಬಾಗುತ್ತದೆ, ಒಬ್ಬ ಎಡವಿದರೆ ಪಕ್ಕದವನ ಈಟಿಯೂ ತೊಡರಿಕೊಳ್ಳುತ್ತದೆ. ಅದಕ್ಕಾಗಿಯೇ ಟಾರ್‌ವುಡ್ ಕಾಡಿನಲ್ಲಿ ಜನ ಸೇರಿಸಿ ವಾರಗಟ್ಟಲೆ ಅಭ್ಯಾಸ ಮಾಡಿಸಿದ. ಅವನ ಬಳಿ ಇದ್ದದ್ದು ಸುಮಾರು ಐದರಿಂದ ಎಂಟು ಸಾವಿರ ಜನ. ಎದುರಿಗೆ ಎರಡು ಸಾವಿರಕ್ಕೂ ಮಿಕ್ಕಿ ಕುದುರೆ ಸವಾರರು, ಹತ್ತು ಸಾವಿರದ ಮೇಲೆ ಕಾಲಾಳು. ಬಯಲಲ್ಲಿ ಸುಮ್ಮನೆ ನಿಂತರೆ ಇನ್ನೊಂದು ಫಾಲ್ಕರ್ಕ್ ಆಗುತ್ತಿತ್ತು.

ಇನ್ನು ಗುಂಡಿಗಳು. ಮೊಣಕಾಲುದ್ದದ ಗುಂಡಿ ತೋಡಿ, ಕಡ್ಡಿ ಹಾಸಿ, ಹುಲ್ಲು ಮುಚ್ಚಿದ್ದನ್ನು ಜಾನ್ ಬಾರ್ಬರ್ ಎಂಬ ಸ್ಕಾಟಿಷ್ ಕವಿ 1370ರ ದಶಕದಲ್ಲಿ ವರ್ಣಿಸಿದ್ದಾನೆ. ಅದರಲ್ಲಿ ಬಿದ್ದು ಸತ್ತ ಕುದುರೆಗಳ ರಾಶಿ ಚಿತ್ರಗಳಲ್ಲಿ ಚೆಂದ ಕಾಣುತ್ತದೆ, ಆದರೆ ಗುಂಡಿಯ ಕೆಲಸ ಬೇರೆ ಇತ್ತು. ಇಂಗ್ಲಿಷರ ವಶದಲ್ಲಿದ್ದ ಸ್ಟರ್ಲಿಂಗ್ ಕೋಟೆಗೆ ಹೋಗುವ ರಸ್ತೆಯ ಪಕ್ಕದ ಗಟ್ಟಿ ನೆಲವನ್ನು ಕುದುರೆಗೆ ಕೆಡಿಸಿಟ್ಟರೆ, ಬರುವವರಿಗೆ ಉಳಿಯುವುದು ರಸ್ತೆಯೊಂದೇ, ಇಲ್ಲವೇ ಬಲಗಡೆಯ ಜೌಗು. ಹಿಂದೆ ನ್ಯೂ ಪಾರ್ಕಿನ ಮರಗಳ ಮರೆಯಲ್ಲಿ ಬ್ರೂಸ್ ಇದ್ದ.

ಜೂನ್ 23ರಂದು ಇಂಗ್ಲಿಷರು ದಣಿದೇ ಬಂದರು. ಹಿಂದಿನ ದಿನವಷ್ಟೇ ಎಡಿನ್‌ಬರೊದಿಂದ ಫಾಲ್ಕರ್ಕ್‌ವರೆಗೆ ಬಿಸಿಲಲ್ಲಿ ನಡೆದಿದ್ದರು. ಜೂನ್ 24ರೊಳಗೆ ನೆರವು ಬಾರದಿದ್ದರೆ ಕೋಟೆ ಬಿಟ್ಟುಕೊಡುವುದೆಂದು ಕೋಟೆಪಾಲ ಫಿಲಿಪ್ ಮೌಬ್ರೆ ಬ್ರೂಸನ ತಮ್ಮನೊಂದಿಗೆ ಒಪ್ಪಂದ ಮಾಡಿಕೊಂಡಿದ್ದ, ಹಾಗಾಗಿ ಅವಸರ. ತಮಾಷೆಯೆಂದರೆ ಅದೇ ಮೌಬ್ರೆ ಎದುರು ಬಂದು, ‘ಸೈನ್ಯ ಇಷ್ಟು ಹತ್ತಿರ ಬಂದ ಮೇಲೆ ಒಪ್ಪಂದದ ಪ್ರಕಾರ ಕೋಟೆ ಪಾರಾದಂತೆಯೇ, ಕಾದಾಡಲೇಬೇಕೆಂದಿಲ್ಲ’ ಎಂದು ತಿಳಿಸಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ದಿನದ ಕಥೆಯಲ್ಲಿ ಎಲ್ಲರೂ ನೆನಪಿಡುವುದು ಇಂಗ್ಲಿಷ್ ನೈಟ್ ಹೆನ್ರಿ ಡಿ ಬೋಹುನ್‌ನ ತಲೆಯನ್ನು ಬ್ರೂಸ್ ಕೊಡಲಿಯಿಂದ ಸೀಳಿದ್ದನ್ನು. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇನ್ನೊಂದು ಘಟನೆಯಲ್ಲಿ. ಕ್ಲಿಫರ್ಡ್ ಮತ್ತು ಬೋಮಂಟ್ ಎಂಬ ಇಂಗ್ಲಿಷ್ ಸರದಾರರು ಸುಮಾರು 300 ಸವಾರರೊಂದಿಗೆ ಬಳಸುದಾರಿ ಹಿಡಿದು ಕೋಟೆಯತ್ತ ಹೊರಟರು. ಬ್ರೂಸನ ದಳಪತಿ ಥಾಮಸ್ ರಾಂಡಾಲ್ಫ್ ಮರಗಳ ಮರೆಯಿಂದ ಈಟಿಗಾರರನ್ನು ಬಯಲಿಗಿಳಿಸಿ ಅಡ್ಡಗಟ್ಟಿದ. ಸವಾರರು ಸುತ್ತುಹೊಡೆದರು, ಒಳಗೆ ನುಗ್ಗಲಾರದೆ ಕತ್ತಿ, ಗದೆಗಳನ್ನೇ ಎಸೆದರು. ಅವರ ಜತೆ ಬಿಲ್ಲುಗಾರರೇ ಇರಲಿಲ್ಲ. ಬಾಣ ಬೀಳದ ಶಿಲ್ಟ್ರನ್ ಮುರಿಯುವುದಿಲ್ಲ ಎಂಬುದು ಇಲ್ಲಿ ಸಂಜೆಯೊಳಗೆ ಕಣ್ಣಿಗೇ ಕಂಡಿತ್ತು.

ಕಂಡರೂ ಇಂಗ್ಲಿಷ್ ನಾಯಕರು ಮಾಡಿದ್ದೇನು? ರಾತ್ರಿ ಬಿಡಾರಕ್ಕೆ ಬ್ಯಾನಕ್ ಹಳ್ಳ ದಾಟಿ ಅದಕ್ಕೂ ಪೆಲ್‌ಸ್ಟ್ರೀಮ್ ಎಂಬ ಇನ್ನೊಂದು ತೊರೆಗೂ ನಡುವೆ ಇಳಿದುಕೊಂಡರು. ಅದಕ್ಕೆ ಕಾರಣವೂ ಇತ್ತು. ಒಂದೊಂದು ಯುದ್ಧದ ಕುದುರೆಗೆ ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕು, ಅಂಥವು ಸಾವಿರಾರು. ನೀರು ಸಿಕ್ಕಿತು, ಜಾಗ ಸಿಗಲಿಲ್ಲ. ಅಕ್ಕಪಕ್ಕ ಹಳ್ಳ, ಬೆನ್ನಿಗೆ ಉಬ್ಬರವಿಳಿತದ ಫೋರ್ತ್ ನದಿ. ಹೊಂಡಗಳನ್ನು ದಾಟಲು ಊರಮನೆಗಳ ಬಾಗಿಲು ಕಿತ್ತು ಹಾಸಿದರಂತೆ. ಮೈಮೇಲೆ ಬಿದ್ದಾರೆಂಬ ಭಯಕ್ಕೆ ರಾತ್ರಿಯಿಡೀ ಎಚ್ಚರವಿದ್ದರು. ನನ್ನ ಮಟ್ಟಿಗೆ ಕದನ ಸೋತದ್ದು ಅಲ್ಲಿಯೇ. (ಪ್ರವಾಸಕ್ಕೆ ಹೋದವರಿಗೊಂದು ಮಾತು: ಬ್ರೂಸನ ಪ್ರತಿಮೆ ಇರುವ ದಿಣ್ಣೆಯೇ ಎರಡನೇ ದಿನದ ರಣರಂಗ ಅಂದುಕೊಳ್ಳಬೇಡಿ. ನಿಖರ ಜಾಗದ ಬಗ್ಗೆ ವಿದ್ವಾಂಸರಲ್ಲಿ ಜಗಳವಿದ್ದರೂ ಹೆಚ್ಚಿನವರು ತೋರಿಸುವುದು ಅದರ ಪೂರ್ವಕ್ಕೆ, ಹಳ್ಳಗಳ ಕಡೆಗೆ.)

ಬೇಸಿಗೆಯ ನಡುವೆ ಅಲ್ಲಿ ಬಹಳ ಬೇಗ ಬೆಳಗಾಗುತ್ತದೆ. 24ರ ಮುಂಜಾನೆ ಸ್ಕಾಟಿಷ್ ದಳಗಳು ಮರಗಳಿಂದ ಹೊರಬಿದ್ದು ನಡೆದೇ ಬಂದವು. ಇಂಗ್ಲಿಷ್ ಸರದಾರ ಗ್ಲಾಸ್ಟರ್ ಅರ್ಲ್ ಒಂದು ದಿನ ವಿಶ್ರಾಂತಿ ಕೊಡೋಣ ಎಂದಿದ್ದಕ್ಕೆ ರಾಜ ಅವನನ್ನೇ ಹಂಗಿಸಿದ. ರೋಷದಿಂದ ನುಗ್ಗಿದ ಗ್ಲಾಸ್ಟರ್ ಈಟಿಗಳ ನಡುವೆ ಸತ್ತ. ಆಮೇಲೆ ಈಟಿಗಳು ಒತ್ತಿಕೊಂಡು ಬಂದಂತೆಲ್ಲ ಮುಂದಿನ ಸವಾರರು ಹಿಂದಿನವರ ಮೇಲೆ, ಅವರು ಕಾಲಾಳುಗಳ ಮೇಲೆ. ತೇರಿನ ಬೀದಿಯ ನೂಕುನುಗ್ಗಲಿನಲ್ಲಿ ಕೈ ಎತ್ತಲೂ ಆಗದವರ ಪಾಡೇ ಇವರದಾಯಿತು.

ಈಗ ಬಿಲ್ಲುಗಾರರು. ಬಹುಪಾಲು ಜನ ಈ ಇಕ್ಕಟ್ಟಿನ ಹಿಂದೆ ಸಿಕ್ಕಿಬಿದ್ದಿದ್ದರು. ನೇರ ಬಿಟ್ಟ ಬಾಣ ತಮ್ಮವರ ಬೆನ್ನಿಗೆ ನಾಟುತ್ತದೆ. ತಲೆಯ ಮೇಲಿಂದ ಬಿಡೋಣವೆಂದರೆ ಮುಂದೆ ಎರಡೂ ಕಡೆಯವರು ಮೈಗೆ ಮೈ ತಾಗಿಸಿ ಹೊಡೆದಾಡುತ್ತಿದ್ದಾರೆ. ಬಾರ್ಬರ್ ಹೇಳುವ ಪ್ರಕಾರ ಒಂದಷ್ಟು ಜನ ಪಕ್ಕಕ್ಕೆ ಬಂದು ಬಾಣ ಬಿಟ್ಟು ಸ್ಕಾಟರನ್ನು ಗೋಳುಹೊಯ್ದುಕೊಂಡರು. ಬ್ರೂಸ್ ಇದಕ್ಕೆಂದೇ ರಾಬರ್ಟ್ ಕೀತ್‌ನ ಕೈಯಲ್ಲಿ 500 ಹಗುರ ಸವಾರರನ್ನು ಇಟ್ಟುಕೊಂಡಿದ್ದ. ಕುದುರೆ ತಡೆಯಲು ಮುಂದೆ ಗೂಟವಿಲ್ಲ, ಕಾವಲಿಗೆ ಈಟಿಯವರಿಲ್ಲ; ಕೀತ್ ನುಗ್ಗಿದೊಡನೆ ಬಿಲ್ಲುಗಾರರು ಚದುರಿಹೋದರು.

ಎಡ್ವರ್ಡ್ ಕೆಟ್ಟ ದಂಡನಾಯಕ, ಒಪ್ಪಿದೆ. ವಂಶಪಾರಂಪರ್ಯವಾಗಿ ದಂಡಿನ ಅಧಿಕಾರವಿದ್ದ ಹೆರಿಫರ್ಡ್‌ನನ್ನು ಬಿಟ್ಟು ಇಪ್ಪತ್ಮೂರರ ಗ್ಲಾಸ್ಟರ್‌ಗೆ ಅದನ್ನು ಕೊಟ್ಟು ಇಬ್ಬರ ನಡುವೆ ಕಿಡಿ ಹಚ್ಚಿದವನು ಅವನೇ. ಹೇಡಿ ಮಾತ್ರ ಅಲ್ಲ. ಕೆಳಗಿದ್ದ ಕುದುರೆ ಇರಿತಕ್ಕೆ ಸಿಕ್ಕಿದರೂ, ಹಿಡಿಯಬಂದವರನ್ನು ಗದೆಯಿಂದ ಬಡಿದು ಬಿಡಿಸಿಕೊಂಡ. ಪೆಂಬ್ರೋಕ್ ಅರ್ಲ್ ಅವನನ್ನು ಎಳೆದೊಯ್ದದ್ದು ಲೆಕ್ಕಾಚಾರದಿಂದ: ರಾಜ ಸೆರೆಯಾದರೆ ಇಡೀ ರಾಜ್ಯವೇ ಒತ್ತೆಯಾದಂತೆ. ಆದರೆ ರಾಜಧ್ವಜ ಕಣ ಬಿಟ್ಟದ್ದು ಕಂಡೊಡನೆ ಸೈನ್ಯ ಒಡೆಯಿತು. ಓಡುವ ದಾರಿಯಲ್ಲಿ ಅದೇ ಬ್ಯಾನಕ್ ಹಳ್ಳ; ಕಾಲು ಒದ್ದೆಯಾಗದೆ ದಾಟುವಷ್ಟು ಹೆಣ, ಕುದುರೆ ತುಂಬಿದ್ದವೆಂದು ಬಾರ್ಬರ್ ಬರೆಯುತ್ತಾನೆ. ಮೌಬ್ರೆ ಎಡ್ವರ್ಡನನ್ನು ಕೋಟೆಯೊಳಗೆ ಬಿಟ್ಟುಕೊಳ್ಳಲಿಲ್ಲ, ಬಿಟ್ಟುಕೊಂಡಿದ್ದರೆ ಕೋಟೆಯೊಂದಿಗೆ ರಾಜನೂ ಬ್ರೂಸನ ಕೈಸೇರುತ್ತಿದ್ದ. ಎಡ್ವರ್ಡ್ ಸುಮಾರು 100 ಕಿಲೋಮೀಟರ್ ಕುದುರೆ ಓಡಿಸಿ ಡನ್‌ಬಾರ್ ಸೇರಿ ದೋಣಿ ಹತ್ತಿದ. ಹೆರಿಫರ್ಡ್ ಸೆರೆಸಿಕ್ಕ, ಅವನಿಗೆ ಬದಲಾಗಿ ಬ್ರೂಸನ ಹೆಂಡತಿ, ಮಗಳು, ಗ್ಲಾಸ್ಗೋ ಬಿಷಪ್ ಬಿಡುಗಡೆಯಾದರು. ಸ್ಕಾಟ್‌ಲೆಂಡಿನ ಸ್ವಾತಂತ್ರ್ಯವನ್ನು ಇಂಗ್ಲೆಂಡ್ ಕಾಗದದ ಮೇಲೆ ಒಪ್ಪಿದ್ದು ಮಾತ್ರ 1328ರಲ್ಲಿ.

ಕ್ರೆಸಿಗೆ ಹೋಗುವ ದಾರಿಯಲ್ಲಿ ನೀವು ನೋಡಬೇಕಾದ ಕದನ ಹ್ಯಾಲಿಡನ್ ಹಿಲ್, 1333ರ ಜುಲೈ 19. ಮೂರನೇ ಎಡ್ವರ್ಡ್ ಕುದುರೆಗಳನ್ನು ಹಿಂದೆ ಕಳಿಸಿ, ನೈಟ್‌ಗಳನ್ನು ಗುಡ್ಡದ ಮೇಲೆ ಕಾಲ ಮೇಲೆ ನಿಲ್ಲಿಸಿ, ಪ್ರತಿ ದಳದ ಎರಡೂ ಪಕ್ಕಕ್ಕೆ ಬಿಲ್ಲುಗಾರರನ್ನಿಟ್ಟ. ಈ ಸಲ ಜೌಗು ದಾಟಿ ಏರು ಹತ್ತಬೇಕಾದವರು ಸ್ಕಾಟಿಷ್ ಈಟಿಗಾರರು. ಬಾಣದ ಮಳೆಗೆ ದಳಗಳು ಗುಡ್ಡದ ಇಳಿಜಾರಿನಲ್ಲೇ ಮುರಿದವು, ಮರುದಿನ ಇಂಗ್ಲಿಷರು ಮುತ್ತಿದ್ದ ಬೆರಿಕ್ ಪಟ್ಟಣ ಶರಣಾಯಿತು.