ಜಿಆರ್‌ಇ ಬಿಡಿ, ರೋಗಿಯ ಜೊತೆ ಎಷ್ಟು ಗಂಟೆ ಕಳೆದಿದ್ದೀರಿ ಹೇಳಿ

ನಿಮ್ಮದು ಪುಣೆಯಲ್ಲಿ ಬಿಎಸ್ಸಿ ಝೂವಾಲಜಿ, 61 ಪರ್ಸೆಂಟ್. ಅಮೆರಿಕದಲ್ಲಿ ಫಿಸಿಷಿಯನ್ ಅಸಿಸ್ಟೆಂಟ್ (ಪಿಎ), ಅಂದರೆ ಡಾಕ್ಟರ್ ಜೊತೆ ಸೇರಿ ರೋಗಿಗಳನ್ನು ನೋಡುವ ಕೆಲಸಕ್ಕೆ ಓದುವ ಆಸೆ. ಜಿಆರ್‌ಇ ಪ್ರವೇಶ ಪರೀಕ್ಷೆಯಲ್ಲಿ ಜಾಸ್ತಿ ಸ್ಕೋರ್ ತಂದರೆ ಮಾರ್ಕ್ಸ್ ಕಡಿಮೆ ಇರೋದು ಮುಚ್ಚಿಹೋಗುತ್ತದಾ, ಇಲ್ಲಾ ಇಲ್ಲೇ ನಾಲ್ಕು ವರ್ಷದ ಪಿಎ ಕೋರ್ಸ್ ಮಾಡಿಕೊಂಡು ಹೋಗಲಾ ಅಂತ ಕೇಳಿದ್ದೀರಿ. ಅಯ್ಯೋ, ಮೂರು ವರ್ಷದ ಹಿಂದೆ ನಾನೂ ಇದನ್ನೇ ಕೇಳಿಕೊಂಡು ತಿರುಗುತ್ತಿದ್ದೆ. ಎರಡೂ ತಪ್ಪು ಪ್ರಶ್ನೆ.

ನಮ್ಮ ಮನೆ ಮುಂಬೈನ ಮುಲುಂಡ್‌ನಲ್ಲಿ. ಬಿಎಸ್ಸಿ ಮೈಕ್ರೋಬಯಾಲಜಿ, ಅದರ ಮೇಲೆ ಡಿಎಂಎಲ್‌ಟಿ, ಅಂದರೆ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ. ಮದುವೆಯಾದ ಮೇಲೆ ಅವರು ನ್ಯೂಜೆರ್ಸಿಗೆ ವಾಪಸ್ ಹೋದರು, ಅವರದ್ದು ಗ್ರೀನ್ ಕಾರ್ಡ್. ನನ್ನ ವೀಸಾ ಬರುವ ತನಕ ನಾನು ಅಮ್ಮನ ಮನೆಯಲ್ಲೇ. ಸುಮ್ನೆ ಕೂರುವುದು ಯಾಕೆ ಅಂತ ಹತ್ತಿರದ ಒಂದು ಪೆಥಾಲಜಿ ಲ್ಯಾಬ್‌ಗೆ ಸೇರಿದೆ. ಬೆಳಿಗ್ಗೆ 6ರಿಂದ 9ರವರೆಗೆ ಮನೆ ಮನೆಗೆ ಹೋಗಿ ರಕ್ತ ತೆಗೆಯುವುದು, ಆಮೇಲೆ ಐದು ಗಂಟೆ ಲ್ಯಾಬ್ ಒಳಗೆ. ಎರಡು ವರ್ಷ ಮಾಡಿದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಅಲ್ಲಿನ ಪಿಎ ಸ್ಕೂಲ್‌ಗಳಿಗೆ ಬಹುತೇಕ ಕ್ಯಾಸ್ಪಾ ಅನ್ನುವ ಒಂದೇ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಪ್ರತಿ ವರ್ಷ ಏಪ್ರಿಲ್ ಕೊನೆಗೆ ತೆರೆಯುತ್ತದೆ. ಅದರಲ್ಲಿ ಕೆಲಸದ ಅನುಭವಕ್ಕೆ ಬೇರೆ ಬೇರೆ ಖಾನೆ ಇವೆ. ಒಂದು ಪೇಷೆಂಟ್ ಕೇರ್, ಅಂದರೆ ನೀವೇ ಕೈಯಾರೆ ರೋಗಿಗೆ ಏನಾದರೂ ಮಾಡಿದ್ದು. ಇನ್ನೊಂದು ಹೆಲ್ತ್‌ಕೇರ್, ಅಂದರೆ ಆಸ್ಪತ್ರೆ, ಲ್ಯಾಬ್‌ನಲ್ಲೇ ಇದ್ದಿರಿ, ಆದರೆ ರೋಗಿ ನಿಮ್ಮ ಕೈಗೆ ಬರಲಿಲ್ಲ. ಒಂದೇ ಕೆಲಸದಲ್ಲಿ ಎರಡೂ ಇದ್ದರೆ ಗಂಟೆಗಳನ್ನು ಒಡೆದು ಎರಡು ಕಡೆ ಬರೆಯಬೇಕು. ನಾನು ಏನು ಮಾಡಿದೆ ಗೊತ್ತಾ? 600 ದಿನ, ದಿನಕ್ಕೆ 8 ಗಂಟೆ, ಒಟ್ಟು 4,800 ಅಂತ ಲೆಕ್ಕ ಹಾಕಿ ಇಡಿಯಾಗಿ ಪೇಷೆಂಟ್ ಕೇರ್‌ಗೆ ತುಂಬಿದೆ. ದೊಡ್ಡ ಸಂಖ್ಯೆ ನೋಡಿ ಅವರು ಬೆರಗಾಗುತ್ತಾರೆ ಅಂತ. ಹುದ್ದೆ: ಲ್ಯಾಬ್ ಟೆಕ್ನಿಷಿಯನ್. ಕೆಲಸದ ವಿವರದಲ್ಲಿ ಬರೆದದ್ದೆಲ್ಲ ಸೆಲ್ ಕೌಂಟರ್, ಯೂರಿನ್ ಕಲ್ಚರ್, ಸ್ಲೈಡ್ ಸ್ಟೇನಿಂಗ್. ಬೆಳಗಿನ ರಕ್ತದ ಸುದ್ದಿ ಒಂದು ಸಾಲೂ ಇಲ್ಲ.

ಯಾಕೆ ಬರೆಯಲಿಲ್ಲ ಅಂದರೆ, ನಿಜ ಹೇಳುತ್ತೇನೆ, ನಾಚಿಕೆ. ಅತ್ತೆ ಮನೆಯವರು ಫೋನ್ ಮಾಡಿದಾಗಲೂ 'ಲ್ಯಾಬ್‌ನಲ್ಲಿದ್ದೇನೆ' ಅನ್ನುತ್ತಿದ್ದೆ, ನೀಲಿ ಐಸ್ ಬಾಕ್ಸ್ ಹೆಗಲಿಗೆ ಹಾಕಿಕೊಂಡು ಲಿಫ್ಟ್ ಇಲ್ಲದ ಬಿಲ್ಡಿಂಗ್‌ನ ನಾಲ್ಕನೇ ಮಹಡಿ ಹತ್ತುತ್ತಿದ್ದೇನೆ ಅಂತ ಹೇಳುತ್ತಿರಲಿಲ್ಲ. ಅಲ್ಲೊಬ್ಬರು ಮರಾಠಿ ಅಜ್ಜಿ ಇದ್ದರು, ಶುಗರ್ ಪೇಷೆಂಟ್. ಕೈಯಲ್ಲಿ ನರವೇ ಸಿಗುತ್ತಿರಲಿಲ್ಲ. ನಾನು ಟೂರ್ನಿಕೆಟ್ ಕಟ್ಟಿದ ಕೂಡಲೇ 'ಹಳೂ ಟೋಚ್ ಗ' (ಮೆಲ್ಲಗೆ ಚುಚ್ಚೇ) ಅಂತ ಕಣ್ಣು ಮುಚ್ಚುತ್ತಿದ್ದರು. ಅಂಗೈ ಹಿಂಭಾಗಕ್ಕೆ ಬಿಸಿ ನೀರಿನ ಬಟ್ಟೆ ಇಟ್ಟು, ಅಲ್ಲಿಂದ ತೆಳು ಸೂಜಿಯಲ್ಲಿ ತೆಗೆಯುವುದನ್ನು ಕಲಿತದ್ದೇ ಅವರ ಕೈಯಲ್ಲಿ. ಹತ್ತಿ ಒತ್ತಿಕೊಂಡು ಕೂತಾಗ ರಾತ್ರಿ ಮಾತ್ರೆ ಮರೆತದ್ದು, ಕಾಲು ಜುಮ್ಮೆನ್ನುವುದು ಎಲ್ಲ ಹೇಳುತ್ತಿದ್ದರು. ಸ್ಕೂಲ್‌ನವರು ಹುಡುಕುವುದು ಇದನ್ನೇ ರೀ! ನಾನು ಇದನ್ನೇ ಬಚ್ಚಿಟ್ಟು ಮಷೀನ್ ಹೆಸರು ಬರೆದೆ.

ಐದು ಕಡೆ ಅರ್ಜಿ, ಐದೂ ಹೋಯಿತು, ಕಟ್ಟಿದ ಫೀಸು ನೀರಿಗೆ ಹಾಕಿದ ಹಾಗೆ. ಒಂದು ಕಡೆಯಿಂದ ಮಾತ್ರ ಕಾರಣ ಬಂತು: ರೋಗಿಯ ಜೊತೆಗಿನ ಗಂಟೆ ಸಾಲದು. ಅವರ ಕನಿಷ್ಠ 1,000. ಓಡಾಟದ ಸಮಯ ಕಳೆದರೂ ನನ್ನ ಹತ್ತಿರ 1,200 ಇತ್ತು, ಆದರೆ ವಿವರದಲ್ಲಿ ಬರೀ ಲ್ಯಾಬ್ ಕೆಲಸ ಇದ್ದದ್ದರಿಂದ ಕಾಗದದಲ್ಲಿ ಸೊನ್ನೆ. ಸಬ್ಮಿಟ್ ಆದ ಮೇಲೆ ಹೊಸ ಅನುಭವ ಸೇರಿಸಬಹುದು, ಹಳೆಯದನ್ನು ತಿದ್ದಲು ಬರುವುದಿಲ್ಲ. ಹಾಗಾಗಿ ಒಂದು ವರ್ಷ ಪೂರಾ ಹೋಯಿತು. ಇನ್ನೂ ಉರಿಯುವುದು ಏನು ಅಂದರೆ, ಮುಂದಿನ ವರ್ಷ ಲ್ಯಾಬ್ ಮಾಲೀಕರನ್ನು ಕೇಳಿದಾಗ ಹತ್ತೇ ನಿಮಿಷದಲ್ಲಿ ಎರಡೂ ಕೆಲಸ ಬೇರೆ ಬೇರೆ ನಮೂದಿಸಿ ಹೊಸ ಲೆಟರ್ ಕೊಟ್ಟರು. ಮೊದಲು ನಾನು ಕೇಳಿರಲೇ ಇಲ್ಲ.

ಅಮ್ಮ ಅಡುಗೆಮನೆ ಬಾಗಿಲ ಹಿಂದಿನ ಕಾಲನಿರ್ಣಯ ಕ್ಯಾಲೆಂಡರ್ ತೋರಿಸಿ, 'ಅರ್ಧ ಲೀಟರ್ ಹಾಲಿಗೆ ನಾನು ದಿನಾ ಲೆಕ್ಕ ಬರೀತೀನಿ, ನೀನು ನಿನ್ನ ದುಡಿಮೆಗೆ ಬರೀಲಿಲ್ವಲ್ಲೇ' ಅಂದರು. ಆಮೇಲೆ ಒಂದು ಸಣ್ಣ ನರ್ಸಿಂಗ್ ಹೋಮ್‌ಗೆ ಸೇರಿದೆ: ಬಿಪಿ, ಇಸಿಜಿ, ರಕ್ತ. ಅದೇ ಕ್ಯಾಲೆಂಡರ್‌ನಲ್ಲಿ ಹಾಲಿನ ಪಕ್ಕ ಕೆಂಪು ಪೆನ್ನಿನಲ್ಲಿ ನನ್ನ ಗಂಟೆ. ಎರಡನೇ ಸಲ ಎರಡು ಇಂಟರ್‌ವ್ಯೂ, ಒಂದು ಸೀಟು. ಜನವರಿಗೆ ಕ್ಲಾಸ್, ವೀಸಾ ಹೋದ ತಿಂಗಳು ಬಂತು.

ನಿಮ್ಮ ವಿಷಯಕ್ಕೆ ಬಂದರೆ, ಜಿಆರ್‌ಇ ಎಷ್ಟೋ ಸ್ಕೂಲ್‌ಗಳು ಕೇಳುವುದೇ ಇಲ್ಲ, ಕೇಳುವ ಕಡೆಯೂ ಅದು ಗಂಟೆಗಳ ಜಾಗ ತುಂಬುವುದಿಲ್ಲ. 61 ನೋಡಿ ಹೆದರಬೇಡಿ. ಡಬ್ಲ್ಯೂಇಎಸ್ ಥರದ, ಹೊರದೇಶದ ಅಂಕಪಟ್ಟಿ ಪರಿಶೀಲಿಸುವ ಸಂಸ್ಥೆಯವರು ನಮ್ಮ ಫಸ್ಟ್ ಕ್ಲಾಸನ್ನು ಅಲ್ಲಿಯ ಗ್ರೇಡ್‌ಗೆ ಬದಲಿಸಿ ಕೊಡುತ್ತಾರೆ, ಅಲ್ಲಿಯ 61 ಬೇರೆ, ಇಲ್ಲಿಯ 61 ಬೇರೆ. ಹೆದರಬೇಕಾದದ್ದು ಬೇರೆ ಇದೆ: ಲ್ಯಾಬ್ ಸಮೇತ ಅನಾಟಮಿ, ಫಿಸಿಯಾಲಜಿ ಬೇಕು, ಅದನ್ನು ಅಮೆರಿಕದ ಕಾಲೇಜಿನಲ್ಲೇ ಮಾಡಿರಬೇಕು ಅನ್ನುವ ಸ್ಕೂಲ್‌ಗಳು ಬಹಳ. ನಾನು ಅಲ್ಲಿನ ಕಮ್ಯುನಿಟಿ ಕಾಲೇಜೊಂದರಲ್ಲಿ ಆನ್‌ಲೈನ್ ಮಾಡಿದೆ, ಅದನ್ನು ಒಪ್ಪದ ಎರಡು ಸ್ಕೂಲ್ ಕೈಬಿಟ್ಟೆ. ಗ್ರೀನ್ ಕಾರ್ಡ್ ಇಲ್ಲದವರನ್ನು ತೆಗೆದುಕೊಳ್ಳದ ಸ್ಕೂಲ್‌ಗಳೂ ಇವೆ, ನಿಮ್ಮದು ಏನು ಅಂತ ನೀವು ಬರೆದಿಲ್ಲ.

ಇನ್ನು ಇಲ್ಲಿಯ ಪಿಎ ಕೋರ್ಸ್. ಅದು ಕೆಟ್ಟದ್ದಲ್ಲ, 1992ರಲ್ಲಿ ಚೆನ್ನೈನಲ್ಲಿ ಡಾ. ಕೆ.ಎಂ. ಚೆರಿಯನ್ ಶುರುಮಾಡಿದ್ದು, ಇಲ್ಲೇ ಕೆಲಸ ಮಾಡುವವರಿಗೆ ಸರಿ. ಆದರೆ ಅಮೆರಿಕದಲ್ಲಿ ಲೈಸೆನ್ಸ್‌ಗೆ ಪ್ಯಾನ್ಸ್ ಪರೀಕ್ಷೆ ಬರೆಯಬೇಕು, ಅದಕ್ಕೆ ಎಆರ್‌ಸಿ-ಪಿಎ ಅನ್ನುವ ಅಲ್ಲಿಯ ಸಂಸ್ಥೆಯ ಮಾನ್ಯತೆ ಇರುವ ಸ್ಕೂಲ್‌ನಲ್ಲೇ ಓದಿರಬೇಕು. ಇಲ್ಲಿಯ ಡಿಗ್ರಿ ಇಟ್ಟುಕೊಂಡು ಆ ಪರೀಕ್ಷೆಗೆ ಕೂರುವಂತಿಲ್ಲ. ಅಲ್ಲಿ ಹೋಗಿ ಮತ್ತೆ ಎರಡು ವರ್ಷದ ಮೇಲೆ ಓದಲೇಬೇಕು ಅಂದಮೇಲೆ ಇಲ್ಲಿ ನಾಲ್ಕು ವರ್ಷ ಯಾಕೆ?

ಯಾವುದೋ ಡಯಾಗ್ನೊಸ್ಟಿಕ್ ಸೆಂಟರ್‌ನಲ್ಲಿ ಒಂದು ವರ್ಷದಿಂದ ಇದ್ದೇನೆ ಅಂದಿರಲ್ಲ, ಅಲ್ಲಿ ಕೌಂಟರ್‌ನಲ್ಲಿದ್ದೀರಾ, ಸೂಜಿ ಹಿಡಿಯುತ್ತೀರಾ? ನಿಮ್ಮ ಲೆಟರ್‌ನಲ್ಲಿ ಯಾವ ಹುದ್ದೆ ಬರೆದಿದ್ದಾರೆ ಇವತ್ತೇ ತೆಗೆದು ನೋಡಿ, ಇಲ್ಲಿ ಕೆಳಗೆ ಹಾಕಿ.