ಕರೆಂಟ್ ಹೋಗಿದೆ ಅಂತ ಲೈನ್ ಪಕ್ಕದ ಮರ ಹತ್ತಿಸಬಹುದೇ?

ಪ್ರಶ್ನೆ: ನಮ್ಮ ಕಾಫಿ ತೋಟದ ಮಧ್ಯೆ 11 ಕೆವಿ (11 ಸಾವಿರ ವೋಲ್ಟ್) ಲೈನ್ ಹೋಗಿದೆ. ಮಳೆಗೆ ಮುಂಚೆ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಆಗಬೇಕು. ಲೈನ್ ಪಕ್ಕದ ಸಿಲ್ವರ್ ಓಕ್ ಕೊಂಬೆಗಳು ತಂತಿಗೆ ಎರಡು ಮೂರು ಅಡಿ ಹತ್ತಿರ ಬಂದಿವೆ. ಕಂಟ್ರಾಕ್ಟ್ ತಗೊಂಡವರು "ಕರೆಂಟ್ ಹೋದಾಗ ಬೇಗ ಕಡಿದು ಮುಗಿಸ್ತೀವಿ, ಸುಮ್ನೆ ಆಫೀಸಿಗೆ ಯಾಕೆ ಅಲೀತೀರಿ" ಅಂತಿದ್ದಾರೆ. ಒಪ್ಪಬಹುದೇ?
– ಮೂಡಿಗೆರೆ ಕಡೆಯ ಬೆಳೆಗಾರರು

ಉತ್ತರ: ದಯವಿಟ್ಟು ಒಪ್ಪಬೇಡಿ. ಆ ಮರಗಳಿಗೆ ಈಗ ಯಾರನ್ನೂ ಹತ್ತಿಸಬೇಡಿ.

ಮನೆಯಲ್ಲಿ ಬಲ್ಬ್ ಉರಿಯುತ್ತಿಲ್ಲ ಅಂದರೆ ತೋಟದ ಲೈನಿನಲ್ಲಿ ಕರೆಂಟ್ ಇಲ್ಲ ಅಂತ ಅರ್ಥವಲ್ಲ. ಟಿಸಿಯ (ಟ್ರಾನ್ಸ್‌ಫಾರ್ಮರ್) ಫ್ಯೂಸ್ ಹೋಗಿದ್ದರೆ ಮನೆ ಕತ್ತಲಾಗುತ್ತದೆ, 11 ಕೆವಿ ತಂತಿಯಲ್ಲಿ ಕರೆಂಟ್ ಹಾಗೇ ಇರುತ್ತದೆ. ನಿಜವಾಗಿ ಲೋಡ್‌ಶೆಡ್ಡಿಂಗ್ ಆಗಿದ್ದರೂ ಸಬ್‌ಸ್ಟೇಷನ್ ಆಪರೇಟರ್‌ಗೆ ನಿಮ್ಮ ತೋಟದಲ್ಲಿ ಒಬ್ಬರು ಮರದ ಮೇಲಿದ್ದಾರೆ ಅಂತ ಹೇಗೆ ಗೊತ್ತಾಗಬೇಕು? ಹೊತ್ತಾದ ಕೂಡಲೇ ಫೀಡರ್ ಚಾರ್ಜ್ ಮಾಡುತ್ತಾರೆ, ಅಂದರೆ ಲೈನಿಗೆ ಕರೆಂಟ್ ಬಿಡುತ್ತಾರೆ. ಲೈನ್ ಟ್ರಿಪ್ ಆಗಿದ್ದರೆ ಒಮ್ಮೆ ಹಾಕಿ ನೋಡುವುದೂ ಉಂಟು. ಇನ್ನೊಂದು ಅಪಾಯ ಅಕ್ಕಪಕ್ಕದ ಜನರೇಟರ್‌ಗಳದ್ದು. ಮನೆಯನ್ನು ಲೈನಿನಿಂದ ಬಿಡಿಸಿ ಜನರೇಟರ್‌ಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಸರಿ ಇಲ್ಲದಿದ್ದರೆ ಅದರ ಕರೆಂಟ್ ಟಿಸಿಗೆ ಹಿಂದಕ್ಕೆ ಹರಿಯುತ್ತದೆ. ಟಿಸಿ ಅದನ್ನು ಸಾವಿರಾರು ವೋಲ್ಟಿಗೆ ಏರಿಸಿ ಲೈನಿಗೆ ಕೊಡುತ್ತದೆ.

ಸರಿಯಾದ ದಾರಿ ಲೈನ್ ಕ್ಲಿಯರ್, ಅಂದರೆ ಕೆಲಸ ಮುಗಿಯುವವರೆಗೆ ಲೈನ್ ಆಫ್ ಇಡಲು ಸಬ್‌ಸ್ಟೇಷನ್ ಕೊಡುವ ಅನುಮತಿ. ಪವರ್‌ಮ್ಯಾನ್‌ಗಳ ಮಾತಲ್ಲಿ ಎಲ್‌ಸಿ. ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಮರಗಳ ಜಾಗ ತಿಳಿಸಿ ಅರ್ಜಿ ಕೊಡಿ. ಗೊತ್ತಾದ ದಿನ ಪವರ್‌ಮ್ಯಾನ್ ಸ್ಟೇಷನ್‌ನಿಂದ ಎಲ್‌ಸಿ ತಗೊಳ್ಳುತ್ತಾರೆ, ಲೈನಿನ ಸ್ವಿಚ್ ತೆಗೆಯುತ್ತಾರೆ, ಕರೆಂಟ್ ಇಲ್ಲ ಅಂತ ಪರೀಕ್ಷಿಸುತ್ತಾರೆ. ಆಮೇಲೆ ಕೆಲಸದ ಜಾಗದ ಎರಡೂ ಕಡೆ ಅರ್ತಿಂಗ್ ರಾಡ್ ಹಾಕಿ ಮೂರೂ ತಂತಿಗಳನ್ನು ನೆಲಕ್ಕೆ ಜೋಡಿಸುತ್ತಾರೆ. ಅಕಸ್ಮಾತ್ ಯಾರೋ ಲೈನ್ ಚಾರ್ಜ್ ಮಾಡಿದರೂ ಕರೆಂಟ್ ಆ ರಾಡ್ ಮೂಲಕ ನೆಲಕ್ಕೆ ಹೋಗಿ ಲೈನ್ ಟ್ರಿಪ್ ಆಗುತ್ತದೆ, ಮರದ ಮೇಲಿರುವವರ ಜೀವ ಉಳಿಯುತ್ತದೆ. ರಾಡ್ ಹಾಕಿದ್ದನ್ನು ನೀವೇ ಕಣ್ಣಾರೆ ನೋಡಿ. "ಆಫ್ ಮಾಡ್ಸಿದೀನಿ, ಹತ್ಸಿ" ಅಂತ ಫೋನಿನಲ್ಲಿ ಯಾರು ಹೇಳಿದರೂ ಸಾಲದು. "ಹನ್ನೊಂದರಿಂದ ಹನ್ನೆರಡು" ಅಂತ ಗಡಿಯಾರ ನಂಬಿ ಮಾಡುವ ಒಪ್ಪಂದವೂ ಬೇಡ. ಎಲ್ಲರೂ ಕೆಳಗಿಳಿದರು ಅಂತ ತಲೆ ಎಣಿಸಿದ ಮೇಲೆಯೇ ಎಲ್‌ಸಿ ವಾಪಸ್ ಹೋಗಬೇಕು.

ಎರಡು ಮೂರು ಅಡಿ ಅಂತರ ಇದೆಯಲ್ಲ ಅಂತ ಧೈರ್ಯ ಮಾಡಬೇಡಿ. ಕೊಂಬೆ ಕಡಿಯುವಾಗ ಅದು ನೇರ ಕೆಳಗೆ ಬೀಳುವುದಿಲ್ಲ. ಕಚ್ಚು ಅರ್ಧ ಆಗುತ್ತಿದ್ದಂತೆ ತುದಿ ತೂಗಿ ತಿರುಗುತ್ತದೆ. ಸಿಲ್ವರ್ ಓಕ್ ಅಂತೂ ಪೆಡಸು ಮರ, ಅಂದುಕೊಂಡದ್ದಕ್ಕಿಂತ ಮೊದಲೇ ಲಟಕ್ಕನೆ ಮುರಿಯುತ್ತದೆ. ಹಸಿ ಕೊಂಬೆಯ ತುಂಬ ನೀರು, ಲವಣ. ತುದಿ ತಂತಿಗೆ ತಗುಲಿದರೆ ಬುಡದಲ್ಲಿ ಕತ್ತಿ ಹಿಡಿದವರಿಗೂ ಶಾಕ್ ಹೊಡೆಯುತ್ತದೆ. ಆಗ ಲೈನ್ ತಾನಾಗಿ ಟ್ರಿಪ್ ಆಗುತ್ತದೆ ಅಂತಲೂ ನಂಬಬೇಡಿ. ಮರದ ಮೂಲಕ ಹರಿಯುವ ಕರೆಂಟ್, ಲೈನ್ ಟ್ರಿಪ್ ಮಾಡಿಸುವ ಸಬ್‌ಸ್ಟೇಷನ್ ರಿಲೇಗೆ ಗೊತ್ತೇ ಆಗದಷ್ಟು ಕಡಿಮೆ ಇರಬಹುದು. ಮನುಷ್ಯನ ಹೃದಯದ ಲಯ ತಪ್ಪಿಸಲು ಒಂದು ಆಂಪಿಯರಿನ ಹತ್ತನೇ ಒಂದು ಭಾಗವೂ ಬೇಕಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ 50 ಕೆವಿವರೆಗಿನ ಲೈನಿನಿಂದ ತರಬೇತಿ ಇಲ್ಲದವರು 10 ಅಡಿ ದೂರ ಇರಬೇಕು. ನಮ್ಮ ತೋಟಗಳಲ್ಲೂ ಈ ಲೆಕ್ಕ ಇಟ್ಟುಕೊಳ್ಳಿ. ಆಳು, ಕತ್ತಿ, ಏಣಿ, ಬೀಳುವ ಕೊಂಬೆ, ಎಲ್ಲಕ್ಕೂ.

ಏಣಿಯ ಮಾತು ಬಂತು, ಹೇಳಿಬಿಡುತ್ತೇನೆ. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಮೆಣಸು ಕೊಯ್ಯುವಾಗ ಅಲ್ಯುಮಿನಿಯಂ ಏಣಿ ತಂತಿಗೆ ತಗುಲಿ ಕೂಲಿಯವರು ಸತ್ತ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಓದಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ರಸ್ತೆ ಬಿಟ್ಟು ಬೇರೆ ಜಾಗದಲ್ಲಿ 11 ಕೆವಿ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರದಲ್ಲಿರಬೇಕು ಅನ್ನುತ್ತದೆ ನಿಯಮ. ಅಂದರೆ ಬರೀ 15 ಅಡಿ! ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ 20 ಅಡಿ ಏಣಿಯನ್ನು ನೆಟ್ಟಗೆ ಎತ್ತಿಕೊಂಡು ನಡೆದರೆ ಏನಾಗುತ್ತದೆ, ನೀವೇ ಯೋಚಿಸಿ. ಹಾಗಾಗಿ ಏಣಿಯನ್ನು ಯಾವಾಗಲೂ ಮಲಗಿಸಿ, ಇಬ್ಬರು ಹಿಡಿದು ಸಾಗಿಸಲಿ. ಲೈನ್ ಸಾಲಿನಲ್ಲಿ ಅಲ್ಯುಮಿನಿಯಂ ಏಣಿ ಬೇಡವೇ ಬೇಡ. ಬಿದಿರಿನದೂ ಒಣಗಿದ್ದರೆ ಮಾತ್ರ ವಾಸಿ, ಒದ್ದೆಯಾದರೆ ಅದರಲ್ಲೂ ಕರೆಂಟ್ ಹರಿಯುತ್ತದೆ.

ಈಗ ಬಹಳ ತೋಟಗಳಲ್ಲಿ ಅಸ್ಸಾಂ ಕಡೆಯಿಂದ ಬಂದವರು ಕೆಲಸ ಮಾಡುತ್ತಾರೆ. ಅವರಿಗೆ ಕನ್ನಡದ ಬೋರ್ಡ್ ಓದಲು ಬರುವುದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಲೈನ್ ಉದ್ದಕ್ಕೂ ಅವರನ್ನು ನಡೆಸಿ, ಹತ್ತಬಾರದ ಮರಗಳನ್ನು ಕೈತೋರಿಸಿ, ಕೆಂಪು ಬಣ್ಣ ಬಳಿಯಿರಿ. ಕೂಲಿಗೆ ಬಂದವರು ಬೇಡ ಅನ್ನುವುದು ಕಷ್ಟ. ಬೇಡ ಅನ್ನಬೇಕಾದವರು ನೀವು.

ಪ್ರಶ್ನೆ: ಅಡಿಕೆ ಕೊಯ್ಲಿಗೆ, ಔಷಧಿ ಹೊಡೆಯಲಿಕ್ಕೆ ಕಾರ್ಬನ್ ಫೈಬರ್ ದೋಟಿ ತಂದಿದ್ದೇವೆ. ಇದು ಲೋಹ ಅಲ್ಲವಲ್ಲ, ಲೈನಿಗೆ ತಾಗಿದರೆ ತೊಂದರೆ ಇಲ್ಲ ಅಲ್ವಾ?
– ಶಿರಸಿಯ ಓದುಗರು

ಉತ್ತರ: ತೊಂದರೆ ಇದೆ, ಜೀವಕ್ಕೇ ಅಪಾಯ. ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಚೆನ್ನಾಗಿಯೇ ಹರಿಯುತ್ತದೆ. ಹಗುರ, ಉದ್ದ ಬೇರೆ. ಬಾಗಿದರೆ ತುದಿ ಎಲ್ಲಿಗೆ ಹೋಯಿತು ಅಂತ ಕೆಳಗಿನಿಂದ ಕಾಣುವುದೇ ಇಲ್ಲ. ಲೈನ್ ಹತ್ತಿರದ ಮರಗಳಲ್ಲಿ ದೋಟಿ ಎತ್ತಲೇಬೇಡಿ. ಅಲ್ಲೂ ಎಲ್‌ಸಿ ತಗೊಂಡೇ ಕೊಯ್ಲು ಮಾಡಿ.

ಪ್ರಶ್ನೆ: ಮರದ ಮೇಲಿದ್ದವರಿಗೆ ಶಾಕ್ ಹೊಡೆದರೆ ಮೊದಲು ಏನು ಮಾಡಬೇಕು?
– ಸಕಲೇಶಪುರದ ಓದುಗರು

ಉತ್ತರ: ಮುಟ್ಟಬೇಡಿ, ಮರವನ್ನೂ ಮುಟ್ಟಬೇಡಿ. ಒಣ ಕೋಲಿನಿಂದ ತಳ್ಳುವುದು 11 ಕೆವಿ ಲೈನಿನ ಹತ್ತಿರ ನಡೆಯುವುದಿಲ್ಲ. ಹಾಗೆ ಬಿಡಿಸಲು ಹೋದವರೂ ಜೀವ ಕಳೆದುಕೊಂಡಿದ್ದಾರೆ. ಒಬ್ಬರು ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಲಿ, ಇನ್ನೊಬ್ಬರು 108ಕ್ಕೆ ಮಾಡಲಿ. ತಂತಿ ಹರಿದು ಬಿದ್ದಿದ್ದರೆ ಹತ್ತು ಮೀಟರ್ ಆಚೆ ನಿಲ್ಲಿ. ಈಗಾಗಲೇ ಹತ್ತಿರ ಇದ್ದರೆ ಎರಡೂ ಪಾದ ಜೋಡಿಸಿ, ನೆಲದಿಂದ ಎತ್ತದೆ ಚೂರು ಚೂರೇ ಜರುಗಿಸುತ್ತಾ ದೂರ ಬನ್ನಿ.

ಲೈನ್ ಆಫ್ ಆಗಿದೆ ಅಂತ ಪವರ್‌ಮ್ಯಾನ್ ಖಚಿತ ಮಾಡಿದ ಮೇಲೆ ಕೆಳಗಿಳಿಸಿ. ಉಸಿರಿಲ್ಲದಿದ್ದರೆ ಆಂಬುಲೆನ್ಸ್ ಬರುವವರೆಗೆ ಕಾಯಬೇಡಿ. ಎದೆಯ ಮಧ್ಯೆ ಎರಡೂ ಅಂಗೈ ಇಟ್ಟು, ಐದು ಸೆಂಟಿಮೀಟರ್ ಒಳಗೆ ಹೋಗುವಂತೆ ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಎದ್ದು ಕೂತು "ನಂಗೇನೂ ಆಗಿಲ್ಲ" ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ. ಚರ್ಮದ ಮೇಲೆ ಬೊಟ್ಟಿನಷ್ಟು ಸುಟ್ಟಿದ್ದರೂ ಒಳಗಿನ ಸ್ನಾಯು ಜಾಸ್ತಿ ಸುಟ್ಟಿರಬಹುದು, ಅದರಿಂದ ಆಮೇಲೆ ಕಿಡ್ನಿಗೂ ಪೆಟ್ಟು ಬೀಳುತ್ತದೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿದ್ದರೆ ಡಾಕ್ಟರಿಗೆ ತಕ್ಷಣ ಹೇಳಿ.